ಪ್ರೊಫೆಸರ್ ಕಾರಿನ ಕೂಗುಡಬ್ಬಿ

ನಾನು ಒಂದು ತಗಡಿನ ಡಬ್ಬಿ. ಎರಡು ಬೆಂಕಿಪೊಟ್ಟಣ ಸೇರಿಸಿಟ್ಟರೆ ಎಷ್ಟಾಗುತ್ತದೋ ಅಷ್ಟೇ ನನ್ನ ಗಾತ್ರ. ೧೯೭೪ರಲ್ಲಿ, ಸಮುದ್ರದಾಚೆಯ ದೇಶವೊಂದರ ಕಾರ್ಖಾನೆಯಲ್ಲಿ, ಕನ್ನಡಕ ಹಾಕಿದ ಹೆಂಗಸೊಬ್ಬಳು ನನ್ನ ಹೊಟ್ಟೆಯೊಳಗೆ ತಾಮ್ರದ ಸುರುಳಿ ಕೂರಿಸಿ, ಮುಚ್ಚಳ ಒತ್ತಿ, ಬ್ಯಾಟರಿಗೆ ಮುಟ್ಟಿಸಿ ನೋಡಿದಳು. ನಾನು ಜೀರ್ ಎಂದು ಕೂಗಿದೆ. ಅವಳು ತಲೆಯಾಡಿಸಿ ನನ್ನನ್ನು ಮುಂದಕ್ಕೆ ತಳ್ಳಿ ಇನ್ನೊಂದು ಡಬ್ಬಿ ಎತ್ತಿಕೊಂಡಳು. ಹುಟ್ಟಿದ ಕೂಡಲೇ ಬಂದ ಆ ಒಂದು ಕೂಗೇ ನನ್ನ ಮಾತು. ಬೇರೆ ಮಾತು ನಾನು ಕಲಿಯಲಿಲ್ಲ.

ನನ್ನನ್ನು ಒಂದು ದೊಡ್ಡ ನೀಲಿ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ರೂ ಹಾಕಿ ಬಿಗಿದರು. ನನ್ನ ಏಳು ತಂತಿಗಳಲ್ಲಿ ಒಂದು ಮುಂದಿನ ಸೀಟಿನ ಕೆಳಗೆ ಹೋಗುತ್ತಿತ್ತು, ಒಂದು ಬೆಲ್ಟಿನ ಕೊಂಡಿಗೆ, ಇನ್ನೊಂದು ಕಾರು ಚಾಲೂ ಮಾಡುವ ಮೋಟಾರಿಗೆ. ಮುಂದೆ ಯಾರಾದರೂ ಕೂತು ಬೆಲ್ಟು ಹಾಕದಿದ್ದರೆ ನಾನು ಕೂಗಬೇಕು. ಬರೇ ಕೂಗುವುದಲ್ಲ, ಬೆಲ್ಟು ಹಾಕುವ ತನಕ ಕಾರು ಚಾಲೂ ಆಗಲು ಬಿಡಬಾರದು. ಜನ ಕಳ್ಳಾಟ ಆಡುತ್ತಾರೆಂದು ನನ್ನನ್ನು ಮಾಡಿದವರಿಗೆ ಗೊತ್ತಿತ್ತು. ಮೊದಲೇ ಬೆಲ್ಟು ಸಿಕ್ಕಿಸಿಟ್ಟು ಅದರ ಮೇಲೆ ಕೂತರೂ ನಾನು ಒಪ್ಪುತ್ತಿರಲಿಲ್ಲ. ಮೊದಲು ಕೂರಬೇಕು, ಆಮೇಲೆ ಹಾಕಬೇಕು. ಆ ದೇಶದವರೇ ಈ ಕಾಟ ತಾಳಲಾರದೆ ಹೋದರು. ಸ್ವಲ್ಪ ಕಾಲದಲ್ಲೇ ಕಾನೂನು ಬದಲಾಯಿತು, ನನ್ನ ಒಡಹುಟ್ಟಿದವರನ್ನು ಕಾರುಗಳಿಂದ ಕಿತ್ತು ಕಸದ ಬುಟ್ಟಿಗೆ ಹಾಕಿದರು ಎಂದು ಕೇಳಿದ್ದೇನೆ. ನನ್ನ ಮೊದಲ ಒಡೆಯ ಕೀಳುವ ತಂಟೆಗೂ ಹೋಗಲಿಲ್ಲ. ಕಾರನ್ನೇ ಮಾರಿಬಿಟ್ಟ.

ಕೊಂಡವರು ಅಲ್ಲಿ ಪಾಠ ಹೇಳುತ್ತಿದ್ದ ಪ್ರೊಫೆಸರ್ ಗಲಗಲಿ. ಊರಿಗೆ ಮರಳುವಾಗ ಕಾರನ್ನೂ ಹಡಗಿನಲ್ಲಿ ಹಾಕಿಸಿ ಧಾರವಾಡಕ್ಕೆ ತಂದರು. ಕೆಳಗೆ ಬಿಗಿದ ಡಬ್ಬಿಗೆ ಮನುಷ್ಯರ ಮುಖ ಕಾಣುವುದು ಅಪರೂಪ. ನಾನು ಕಾಲು ನೋಡಿ ಜನರನ್ನು ಗುರುತಿಸುತ್ತಿದ್ದೆ. ಪ್ರೊಫೆಸರರದು ಪಾಲಿಶ್ ಕಾಣದ ಕಂದು ಬೂಟು. ಅವರ ಹೆಂಡತಿ ಸುಮತಿಬಾಯಿಯವರದು ಇಳಕಲ್ ಸೀರೆಯ ಅಂಚಿನ ಕೆಳಗೆ ಸಣ್ಣ ಬಿಳಿ ಪಾದ.

"ಏನ್ರೀ ಇದು, ಕೂತ ಕೂಡ್ಲೆ ಬಯ್ಯಲಿಕ್ಕೆ ಶುರು ಮಾಡ್ತದ," ಎಂದರು ಅವರು ಮೊದಲ ದಿನ.

"ಬಯ್ಯಲಿ ಬಿಡು. ನಮ್ಮ ಮನಿಯೊಳಗ ನಿನ್ನ ಬಯ್ಯೋ ಧೈರ್ಯ ಬ್ಯಾರೆ ಯಾರಿಗದ," ಎಂದರು ಪ್ರೊಫೆಸರರು.

ನನಗೆ ಕೂಗುಡಬ್ಬಿ ಎಂದು ಹೆಸರಿಟ್ಟವರೂ ಸುಮತಿಬಾಯಿಯವರೇ.

ಆ ಮನೆಗೆ ಡ್ರೈವರಾಗಿ ಬಂದವನು ಅಣ್ಣಿಗೇರಿಯ ಫಕೀರಪ್ಪ. ನನ್ನ ಕಥೆ ಎನ್ನುವುದು ನಿಜವಾಗಿ ಅವನ ಕಥೆ. ಇಪ್ಪತ್ತೇಳು ವರ್ಷ ಅವನ ಪಾದಗಳು ನನ್ನ ಎದುರಿಗಿದ್ದವು. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಕಾರು ಓಡಿಸುವ ರೂಢಿ ಅವನಿಗೆ. ನನ್ನ ಮೇಲೆ ಬೇಸರ ಪಡದ ಮನುಷ್ಯ ಅವನೊಬ್ಬನೇ. "ಸಾಹೇಬ್ರ, ಇದು ಹೇಳೂದು ಖರೇ ಐತ್ರಿ," ಎಂದು ಬೆಲ್ಟು ಹಾಕಿಕೊಳ್ಳುತ್ತಿದ್ದ, ಪಕ್ಕದಲ್ಲಿ ಕೂತವರಿಗೂ ಹಾಕಿಸುತ್ತಿದ್ದ. ಸುಮತಿಬಾಯಿ ತೀರಿಕೊಂಡರು, ಆಮೇಲೆ ಪ್ರೊಫೆಸರರೂ ಹೋದರು. ಮಕ್ಕಳಿರಲಿಲ್ಲ. ಕಾರು ಫಕೀರಪ್ಪನಿಗೆ ಸೇರಬೇಕೆಂದು ಪ್ರೊಫೆಸರರು ಕಾಗದ ಬರೆದಿಟ್ಟಿದ್ದರು. ಅವನು ಕಾರನ್ನು ಅಣ್ಣಿಗೇರಿಗೆ ತಂದು, ಮನೆ ಮುಂದೆ ತಗಡಿನ ಚಪ್ಪರ ಹಾಕಿ ನಿಲ್ಲಿಸಿದ. ಸುತ್ತಲಿನ ಊರುಗಳ ಮದುವೆಗಳಿಗೆ ಅದೇ ಕಾರು. ಮದುಮಕ್ಕಳು ಕೂಡ ನನ್ನ ಮಾತು ಕೇಳಿ ಬೆಲ್ಟು ಹಾಕಬೇಕಾಗುತ್ತಿತ್ತು.

ಅವನ ಹೆಂಡತಿ ಕಸ್ತೂರಿ. ಎಡಗಾಲಲ್ಲೊಂದು ಬಲಗಾಲಲ್ಲೊಂದು ಬೆಳ್ಳಿಯ ಕಾಲುಂಗುರ, ಸದಾ ಮಾತು. ಕಾರಿನಲ್ಲಿ ಅವಳು ಕೂತರೆ ಫಕೀರಪ್ಪನಿಗೆ ರೇಡಿಯೋ ಬೇಕಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಕಸ್ತೂರಿಯ ತವರಿಗೆ ಹೋಗಿ ಅವಳ ತಾಯಿ ದ್ಯಾಮವ್ವನನ್ನು ಕರೆದುಕೊಂಡು ಹೊರಟರು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು, ಹುಬ್ಬಳ್ಳಿಯಲ್ಲಿ ತೋರಿಸಬೇಕಿತ್ತು. ದ್ಯಾಮವ್ವ ಹಿಂದಿನ ಸೀಟಿನಲ್ಲಿ ಕಾಲು ಮಡಚಿ, ರೊಟ್ಟಿಗಂಟು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಕೂಗಿದೆ, ಕಸ್ತೂರಿ ಬೆಲ್ಟು ಹಾಕಿದಳು, ಸುಮ್ಮನಾದೆ.

"ಮುಂದ ಕುಂತವ್ರಿಗಷ್ಟ ಬೈತೈತೇನು ಇದು?" ಎಂದು ದ್ಯಾಮವ್ವ ನಕ್ಕಳು. "ಹಿಂದಿನ ಮುದುಕಿ ಇದ್ರೇನು, ಬಿಟ್ರೇನು ಅಂತ ತಿಳದೈತಿ."

ನಿಜ. ಹಿಂದಿನ ಸೀಟಿನ ತಂತಿ ನನಗೆ ಕೊಟ್ಟಿರಲಿಲ್ಲ.

ದಾರಿ ಕಾಲುವೆಯ ದಂಡೆಯ ಮೇಲೆ ಹೋಗುತ್ತಿತ್ತು. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ನೆಂದಿತ್ತು. ಎಡಗಡೆಯ ಹೊಲದಿಂದ ಆಡಿನ ಹಿಂಡೊಂದು ದಿಢೀರನೆ ದಾರಿಗೆ ಹತ್ತಿತು. ಫಕೀರಪ್ಪ ಬಲಕ್ಕೆ ತಿರುಗಿಸಿದ. ದಂಡೆ ಕುಸಿಯಿತು. ಕಾರು ಬಲಮಗ್ಗುಲಾಗಿ ಜಾರಿ ತುಂಬಿದ ಕಾಲುವೆಗೆ ಬಿತ್ತು.

ನಮ್ಮ ಕಾರಿನ ಸ್ಟೇರಿಂಗ್ ಎಡಗಡೆಗೆ. ಹೀಗಾಗಿ ಫಕೀರಪ್ಪ ಮೇಲಾದ, ಕಸ್ತೂರಿ ಕೆಳಗಾದಳು. ಅವನ ಬೆಲ್ಟು ಬಿಚ್ಚಿಕೊಂಡಿತು. ಅವಳದು ಬಿಚ್ಚಲಿಲ್ಲ, ಕೊಂಡಿ ಕಚ್ಚಿಕೊಂಡಿತ್ತು. ಅವಳ ಬಲಗಾಲು ಮುರಿದು ಬಾಗಿಲ ಕೆಳಗೆ ಸಿಕ್ಕಿತ್ತು. ಕಿಟಕಿಯಿಂದ ನೀರು ಒಳಗೆ ಬಂದು ಅವಳ ಕಿವಿ ಮುಳುಗಿಸಿತು. ಫಕೀರಪ್ಪ ಎರಡೂ ಕೈಯನ್ನು ಅವಳ ತಲೆಯ ಕೆಳಗೆ ಕೊಟ್ಟು ಬಾಯಿ ಮೂಗು ನೀರಿನ ಮೇಲೆ ಹಿಡಿದ. ಹಿಂದೆ ದ್ಯಾಮವ್ವ ಬೆಲ್ಟಿಲ್ಲದೆ ಎಗರಿ ಬಿದ್ದು ಕೆಳಗಿನ ಮೂಲೆ ಸೇರಿದ್ದಳು. ಸೊಂಟ ಮುರಿದಿತ್ತು, ಏಳಲಾಗಲಿಲ್ಲ. ನೀರು ಅವಳ ಎದೆಗೆ ಬಂತು, ಕೊರಳಿಗೆ ಬಂತು.

ಸೀಟಿನ ಕೆಳಗಿನ ತಂತಿ ತೊಯ್ದ ಕೂಡಲೇ ನಾನು ಕೂಗತೊಡಗಿದೆ. ನಿಲ್ಲಿಸಲು ನನಗೆ ಬರಲಿಲ್ಲ. ಸೀಟಿನಲ್ಲಿ ಯಾರೋ ಬೆಲ್ಟಿಲ್ಲದೆ ಕೂತಿದ್ದಾರೆ ಎಂದು ನೀರು ನನಗೆ ಸುಳ್ಳು ಹೇಳುತ್ತಿತ್ತು, ನಾನು ಅದನ್ನೇ ಅರಚುತ್ತಿದ್ದೆ.

"ನನ್ನ ಬಿಡ್ರಿ," ಎಂದು ಕಸ್ತೂರಿ ಕಿರುಚುತ್ತಿದ್ದಳು. "ನನ್ನ ಬಿಟ್ಟು ಅವ್ವನ್ನ ಎತ್ತ್ರಿ."

ಫಕೀರಪ್ಪ ಒಂದು ಕೈ ತೆಗೆದು ಹಿಂದಕ್ಕೆ ಚಾಚಿದ. ದ್ಯಾಮವ್ವ ಒಂದು ಮಾರು ದೂರದಲ್ಲಿದ್ದಳು, ಕೈ ಮುಟ್ಟಲಿಲ್ಲ. ಅಷ್ಟರಲ್ಲಿ ಕಸ್ತೂರಿಯ ಬಾಯಿಗೆ ನೀರು ನುಗ್ಗಿತು. ಅವನು ಮತ್ತೆ ಎರಡೂ ಕೈಯಲ್ಲಿ ಅವಳನ್ನು ಹಿಡಿದುಕೊಂಡ. ಆಗ ದ್ಯಾಮವ್ವ ಮಾತಾಡಿದಳು. ಜೋರಾಗಿ ಅಲ್ಲ, ಜೋರು ಅವಳಲ್ಲಿ ಉಳಿದಿರಲಿಲ್ಲ.

"ಅಕೀನ್ನ ಬಿಡಬ್ಯಾಡಪ್ಪ," ಎಂದಳು. "ಫಕೀರಪ್ಪ, ಅಕೀನ್ನ ಬಿಡಬ್ಯಾಡ."

ನನಗೆ ಸ್ಪಷ್ಟ ಕೇಳಿಸಿತು. ನೀರೊಳಗೆ ಕಿವಿಯಿದ್ದ ಕಸ್ತೂರಿಗೆ ಕೇಳಿಸಲಿಲ್ಲ. ಅವಳಿಗೆ ಕೇಳಿಸುತ್ತಿದ್ದದ್ದು ನಾನು ಮಾತ್ರ.

ಆಡು ಕಾಯುವ ಮುದುಕಿ ಓಡಿಹೋಗಿ ಹೊಲದವರನ್ನು ಕರೆತರಲು ಅರ್ಧ ಗಂಟೆಯಾಯಿತು. ಬಂದವರು ಬೆಲ್ಟು ಕೊಯ್ದರು. ಅಷ್ಟು ಹೊತ್ತಿಗೆ ದ್ಯಾಮವ್ವ ಇರಲಿಲ್ಲ, ನಾನೂ ಬ್ಯಾಟರಿ ಸತ್ತು ಸುಮ್ಮನಾಗಿದ್ದೆ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಅಣ್ಣಿಗೇರಿಗೆ ತಂದರು. ಗುಜರಿಗೆ ಹಾಕು ಎಂದು ನೋಡಿದವರೆಲ್ಲ ಹೇಳಿದರು. ಫಕೀರಪ್ಪ ಯಾರ ಮಾತೂ ಕೇಳದೆ ಸೀಟು ಬಿಚ್ಚಿ ಒಣಗಿಸಿದ, ಇಂಜಿನ್ ತೊಳೆಸಿದ, ಕೊಯ್ದ ಬೆಲ್ಟಿನ ಜಾಗಕ್ಕೆ ಬೇರೆ ಕಟ್ಟಿಸಿದ. ಮಾಡಲು ಅವನಿಗೆ ಬೇರೇನೂ ಇರಲಿಲ್ಲ. ಮನೆಯೊಳಗೆ ಕಸ್ತೂರಿ ಹಾಸಿಗೆ ಹಿಡಿದಿದ್ದಳು. ಮುರಿದ ಕಾಲಿಗೆ ಹೊರಗಿನಿಂದ ಉಕ್ಕಿನ ಸಲಾಕೆ ಚುಚ್ಚಿ ಚೌಕಟ್ಟು ಕೂರಿಸಿದ್ದರು, ಅದನ್ನು ಮಡಚುವಂತಿರಲಿಲ್ಲ. ಅಷ್ಟು ಮಾತಾಡುತ್ತಿದ್ದವಳು ಗಂಡನೊಂದಿಗೆ ಮಾತು ಬಿಟ್ಟಿದ್ದಳು. ಚಪ್ಪರದ ಕೆಳಗಿದ್ದ ನನಗೆ ತೆರೆದ ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅವನಿಗೆ ಹೇಳಿದ್ದು ಒಂದೇ ಮಾತು.

"ನಿಮಗ ಕೈ ಎರಡ ಇದ್ದುವು."

ಅವನು ಹೊರಗೆ ಬಂದು ಕಾರಿನೊಳಗೆ ಕೂತ. ಒಮ್ಮೆ "ಕಸ್ತೂರಿ, ಅತ್ತಿ ಅವತ್ತು..." ಎಂದು ಬಾಗಿಲಲ್ಲಿ ನಿಂತು ಶುರು ಮಾಡಿದ. ಅವಳು ಗೋಡೆಯ ಕಡೆ ಹೊರಳಿದಳು. ಅವನು ಅಲ್ಲಿಗೇ ಬಿಟ್ಟ. ಹೇಳಿದರೆ ನೆವ ಹೇಳಿದಂತಾಗುತ್ತದೆ ಎಂದು ಹಿಂಜರಿದನೋ, ತಾನು ಕೇಳಿದ್ದು ನಿಜವೋ ಅಲ್ಲವೋ ಎಂಬ ಅನುಮಾನ ಅವನಿಗೇ ಇತ್ತೋ. ಎರಡೂ ಇರಬೇಕು.

ಎಂಟು ದಿನಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಕಾಲು ತೊಳೆಸಿ ಕಟ್ಟಿಸಿಕೊಂಡು ಬರಬೇಕೆಂದು ಡಾಕ್ಟರು ಹೇಳಿದ್ದರು. ಆಂಬುಲೆನ್ಸಿನ ಬಾಗಿಲು ಮುಚ್ಚಿದರೆ ಕಸ್ತೂರಿಗೆ ಉಸಿರು ಕಟ್ಟುತ್ತಿತ್ತು, ತೆರೆಯಿರಿ ತೆರೆಯಿರಿ ಎಂದು ಗೋಡೆ ಬಡಿಯುತ್ತಿದ್ದಳು. ಟೆಂಪೋದಲ್ಲಿ ಮಲಗಿಸಿ ಒಯ್ದಾಗ ಕುಲುಕಿಗೆ ಎಚ್ಚರ ತಪ್ಪಿದಳು. ಕಾಲು ಉದ್ದಕ್ಕೆ ಚಾಚಿ, ಕಿಟಕಿ ತೆರೆದು, ಅಲುಗದೆ ಹೋಗಬಹುದಾದ ಜಾಗ ಒಂದೇ ಇತ್ತು. ಪ್ರೊಫೆಸರರ ಕಾರಿನ ಅಗಲವಾದ ಮುಂದಿನ ಸೀಟು. ಅವ್ವ ಮುಳುಗಿದ ಹಿಂದಿನ ಸೀಟಿಗೆ ಅವಳು ಒಪ್ಪುತ್ತಿರಲಿಲ್ಲ.

ಫಕೀರಪ್ಪ ಅವಳನ್ನು ಎತ್ತಿ ತಂದು ಕೂರಿಸಿದ. ಕಾಲುವೆಯಲ್ಲಿ ಅವಳನ್ನು ಕಚ್ಚಿ ಹಿಡಿದಿದ್ದ ಬೆಲ್ಟನ್ನು ಮತ್ತೆ ಅವಳ ಎದೆಯ ಹತ್ತಿರ ತರುವ ಮಾತೇ ಇರಲಿಲ್ಲ. ಕೀಲಿ ತಿರುಗಿಸಿದ. ನಾನು ಕೂಗಿದೆ.

ಆಮೇಲೆ ನಾನು ಕೇಳಿದ ಕೂಗಿನ ಮುಂದೆ ನನ್ನದು ಏನೇನೂ ಅಲ್ಲ. ಕಸ್ತೂರಿ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಬಡಿದಳು, ಬಾಗಿಲು ತೆಗೆದು ಹೊರಗೆ ಬಿದ್ದಳು, ಚೌಕಟ್ಟಿನ ಸಲಾಕೆ ನೆಲಕ್ಕೆ ತಾಗಿ ರಕ್ತ ಬಂತು. "ಅವ್ವ ಮುಳಗಾಕ್ಹತ್ತ್ಯಾಳ," ಎನ್ನುತ್ತಿದ್ದಳು. "ಅವ್ವ ಮುಳಗಾಕ್ಹತ್ತ್ಯಾಳ."

ಇನ್ನೊಂದು ದಿನ ಮೊದಲೇ ಇಂಜಿನ್ ಚಾಲೂ ಮಾಡಿಟ್ಟು ಅವಳನ್ನು ಎತ್ತಿ ಕೂರಿಸಿ ನೋಡಿದ. ನಾನು ಕೂಗಿದೆ. ಬೆಲ್ಟು ಮೊದಲೇ ಸಿಕ್ಕಿಸಿಟ್ಟು ಅದರ ಮೇಲೆ ಕೂರಿಸಿ ನೋಡಿದ. ಆಗಲೂ ಕೂಗಿದೆ. ನನ್ನನ್ನು ಮಾಡಿದ ಜಾಣರು ಎಲ್ಲ ದಾರಿಯನ್ನೂ ಮುಚ್ಚಿ ಕಳಿಸಿದ್ದರು. ನಾಲ್ಕನೆಯ ಸಲ ಕಸ್ತೂರಿ ಹೊಸ್ತಿಲು ದಾಟಲೇ ಒಪ್ಪಲಿಲ್ಲ. ಮೂರು ವಾರ ಕಾಲು ತೊಳೆಯಲಿಲ್ಲ. ಜ್ವರ ಬಂತು. ಮನೆಯಿಂದ ಹೊರಗೆ ವಾಸನೆ ಬರತೊಡಗಿತು.

ಒಂದು ಗುರುವಾರ ಬೆಳಿಗ್ಗೆ ಫಕೀರಪ್ಪ ಪಕ್ಕದ ಮನೆಯ ಫೋನಿನಿಂದ ಡಾಕ್ಟರ ಜೊತೆ ಮಾತಾಡಿ ಬಂದ. ಸಂಜೆಯೊಳಗೆ ಕರೆತಂದರೆ ಪ್ರಯತ್ನ ಮಾಡುತ್ತೇನೆ, ನಾಳೆಯಾದರೆ ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಗುತ್ತದೆ, ಅದೂ ತಪ್ಪಿದರೆ ಜೀವದ ಮಾತು ಎಂದಿದ್ದರಂತೆ. ಅವನು ಅದನ್ನು ಕಸ್ತೂರಿಗೆ ಹೇಳಿದ.

"ಕತ್ತರಿಸ್ಲಿ," ಎಂದಳು. "ಆ ಗಾಡ್ಯಾಗ ನಾ ಬರೂದಿಲ್ಲ."

ಫಕೀರಪ್ಪ ಇಕ್ಕಳ ಹಿಡಿದು ಬಂದು ನನ್ನ ಕೆಳಗೆ ಅಂಗಾತ ಮಲಗಿದ. ಇಪ್ಪತ್ತೇಳು ವರ್ಷದಲ್ಲಿ ಅವನ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಗಡ್ಡ ಬೆಳ್ಳಗಾಗಿತ್ತು. ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ. ಕೈಗೆ ಸಿಕ್ಕ ತಂತಿಯನ್ನು ಹಿಡಿದು ಕತ್ತರಿಸಿದ. ನಾನು ಸುಮ್ಮನಾದೆ. ಕಾರೂ ಸುಮ್ಮನಾಯಿತು. ಕೀಲಿ ಎಷ್ಟು ತಿರುಗಿಸಿದರೂ ಮೋಟಾರು ಮಿಸುಕಲಿಲ್ಲ. ಮೋಟಾರಿಗೆ ಹೋಗುವ ದಾರಿ ನನ್ನ ಹೊಟ್ಟೆಯ ಮೂಲಕ ಹೋಗುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಅವನು ಮತ್ತೆ ಫೋನಿನ ಕಡೆ ಓಡಿದ.

ಹುಬ್ಬಳ್ಳಿಯಿಂದ ಖಾಜಾಸಾಬ ಬಂದಾಗ ಮಧ್ಯಾಹ್ನ ಒಂದು ದಾಟಿತ್ತು. ಖಾಜಾಸಾಬ ವಾಹನಗಳ ವೈರಿಂಗ್ ಮಾಡುವ ಹಳೆಯ ಕೈ, ಪ್ರೊಫೆಸರರ ಕಾಲದಿಂದ ಈ ಕಾರು ಬಲ್ಲವನು. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಮಲಗಿ, ಬ್ಯಾಟರಿ ದೀಪ ಹಚ್ಚಿ, ತಂತಿಗಳನ್ನು ಎಣಿಸಿದ.

"ಫಕೀರಪ್ಪಣ್ಣ, ಏಳು ತಂತಿ ಅದಾವ. ಕಾಲವಿ ಕೆಸರು ಹತ್ತಿ ಎಲ್ಲಾ ಒಂದ ಬಣ್ಣ ಆಗ್ಯಾವ. ಎರಡು ಹುಡುಕಿ ಕೂಡಸಬೇಕು. ತಪ್ಪಿ ಬ್ಯಾರೇದು ಕೂಡಿಸಿದ್ನೆಂದ್ರ ವೈರಿಂಗ್ ಎಲ್ಲಾ ಸುಟ್ಟು ಹೋಗತೈತಿ. ಆಮ್ಯಾಲೆ ಇವತ್ತು ಗಾಡಿ ಏಳೂದಿಲ್ಲ."

"ಸಂಜೀ ಮಟಾ ಟೈಮ್ ಐತಿ ಕಾಕಾ."

"ಟೈಮ್ ಹೇಳಬ್ಯಾಡ. ಅವಸರಕ್ಕ ತಂತಿ ತಪ್ಪತೈತಿ."

ಅವನು ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ತಂತಿ ಒರೆಸಿದ. ಬ್ಲೇಡಿನಿಂದ ಸಿಪ್ಪೆ ಸುಲಿದು, ಕರೆಂಟಿದ್ದರೆ ಹತ್ತುವ ಪುಟ್ಟ ದೀಪವೊಂದನ್ನು ಮುಟ್ಟಿಸಿ ನೋಡಿದ. ಒಂದಕ್ಕೆ ದೀಪ ಹತ್ತಿತು, ಒಂದಕ್ಕೆ ಹತ್ತಲಿಲ್ಲ, ಒಂದಕ್ಕೆ ಹತ್ತಿ ಆರಿತು. ಮತ್ತೆ ಮೊದಲಿನಿಂದ ನೋಡಿದ. ಒಳಗಿನಿಂದ ಕಸ್ತೂರಿಯ ನರಳಾಟ ಕೇಳುತ್ತಿತ್ತು. ಫಕೀರಪ್ಪ ಕಾರಿಗೂ ಹೊಸ್ತಿಲಿಗೂ ನಡುವೆ ತಿರುಗುತ್ತಿದ್ದ, ಬಿಸಿಲಲ್ಲಿ ಅವನ ಬರಿಗಾಲು ಸುಡುತ್ತಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಮೂರೂವರೆಗೆ ಖಾಜಾಸಾಬ ಎರಡು ತಂತಿ ಹೆಣೆದು ಟೇಪು ಸುತ್ತಿದ. ಉಳಿದ ಐದನ್ನು ಕತ್ತರಿಸಿ ಮೂತಿ ಮುಚ್ಚಿದ. ನನ್ನ ಎರಡು ಸ್ಕ್ರೂ ತುಕ್ಕು ಹಿಡಿದಿದ್ದವು. ಒಂದು ಬಿಚ್ಚಿತು, ಇನ್ನೊಂದನ್ನು ಉಳಿಯಿಂದ ಒಡೆದ. ನಾನು ಅವನ ಅಂಗೈಗೆ ಬಿದ್ದೆ. ಅವನು ನನ್ನನ್ನು ಚೀಲಕ್ಕೆ ಹಾಕಿಕೊಂಡ.

"ಕೀಲಿ ತಿರವು," ಎಂದ.

ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

ಕಸ್ತೂರಿ ಜ್ವರದ ಮಂಪರಿನಲ್ಲಿದ್ದಳು, ಎತ್ತಿ ತರುವಾಗ ಬೇಡವೆನ್ನಲೂ ಶಕ್ತಿಯಿರಲಿಲ್ಲ. ಕೂರಿಸಿದ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕಿವಿಗೆ ಅಂಗೈ ಒತ್ತಿ ಕಾದಳು. ಕಾರು ಹೊರಟಿತು. ಊರು ದಾಟಿತು. ಅವಳು ಮೆಲ್ಲಗೆ ಒಂದು ಕೈ ಇಳಿಸಿದಳು, ಆಮೇಲೆ ಇನ್ನೊಂದು.

ಖಾಜಾಸಾಬ ಹಿಂದಿನ ಸೀಟಿನಲ್ಲಿ ಕೂತಿದ್ದ, ನಾನು ಅವನ ತೊಡೆಯ ಮೇಲೆ ಬಾಯಿ ತೆರೆದಿದ್ದ ಚೀಲದಲ್ಲಿದ್ದೆ. ಬಹಳ ದೂರ ಗಾಳಿಯ ಸಪ್ಪಳ, ಇಂಜಿನ್ ಸಪ್ಪಳ, ಅಷ್ಟೇ.

"ಕಸ್ತೂರಿ," ಎಂದ ಫಕೀರಪ್ಪ. ದಾರಿಯಿಂದ ಕಣ್ಣು ತೆಗೆಯಲಿಲ್ಲ. "ಅವತ್ತು ಅತ್ತಿ ಒಂದು ಮಾತು ಹೇಳಿದ್ರು. ಅಕೀನ್ನ ಬಿಡಬ್ಯಾಡಪ್ಪ ಅಂದ್ರು. ಎರಡು ಸಲ ಅಂದ್ರು."

ಕಸ್ತೂರಿ ಅವನ ಕಡೆ ತಿರುಗಿದಳು. ಮೂರು ತಿಂಗಳಲ್ಲಿ ಅವನನ್ನು ನೇರ ನೋಡಿದ್ದು ಅದೇ ಮೊದಲಿರಬೇಕು.

"ಖರೇನು? ಇಲ್ಲಾ ನನಗ ಸಮಾಧಾನ ಆಗ್ಲಿ ಅಂತ ಹೇಳಾಕ್ಹತ್ತೀರಿ?"

ಫಕೀರಪ್ಪ ಹೌದು ಎಂದುಬಿಡಬಹುದಿತ್ತು. ಆಣೆ ಮಾಡಿಬಿಡಬಹುದಿತ್ತು.

"ಆಣಿ ಮಾಡಾಕ ಬರೂದಿಲ್ಲ," ಎಂದ. "ಅದು ಕೂಗಾಕ್ಹತ್ತಿತ್ತು. ನೀ ಚೀರಾಕ್ಹತ್ತಿದ್ದಿ. ನನಗ ಹಂಗ ಕೇಳಿಸ್ತು. ನನಗ ಬೇಕಾದದ್ದ ನನಗ ಕೇಳಿಸ್ತೋ ಏನೋ, ದಿನಾ ಅದನ್ನ ಯೋಚ್ನಿ ಮಾಡ್ತೀನಿ."

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಚೀಲದೊಳಗೆ ಇದ್ದ ನನಗೆ ಗೊತ್ತಿತ್ತು. ಅವನ ಪರವಾಗಿ ಸಾಕ್ಷಿ ಹೇಳಬಲ್ಲವನು ನಾನೊಬ್ಬನೇ, ನನ್ನ ತಂತಿಗಳನ್ನು ಈಗಷ್ಟೇ ಕತ್ತರಿಸಿದ್ದರು. ಕತ್ತರಿಸದಿದ್ದರೂ ಏನಾಗುತ್ತಿತ್ತು, ಮತ್ತೆ ಜೀರ್ ಎನ್ನುತ್ತಿದ್ದೆ.

ಕಾಲು ಉಳಿಯಿತು, ಎರಡು ಬೆರಳು ಹೋದವು. ಇದು ಆಮೇಲೆ ಖಾಜಾಸಾಬನ ಅಂಗಡಿಗೆ ಬಂದ ಸುದ್ದಿ. ಅವನು ನನ್ನನ್ನು ಎಸೆಯದೆ ಹಳೆಯ ಸ್ವಿಚ್ಚು, ರಿಲೇಗಳ ಡಬ್ಬದಲ್ಲಿ ಹಾಕಿಟ್ಟಿದ್ದ.

ಐದು ತಿಂಗಳಾಗಿರಬೇಕು. ಒಂದು ಮುಂಜಾನೆ ಅಂಗಡಿಯ ಮುಂದೆ ನೀಲಿ ಕಾರು ನಿಂತಿತು. ಕಸ್ತೂರಿ ಕೋಲೂರಿಕೊಂಡು ಇಳಿದಳು. ಹಿಂದೆ ಫಕೀರಪ್ಪ.

"ಕಾಕಾ, ಆ ಡಬ್ಬಿ ಐತೇನು?"

"ಐತವ್ವ. ಯಾಕ?"

"ಅದನ್ನ ಕೂಗಸ್ರಿ."

"ಬ್ಯಾಡ ಕಸ್ತೂರಿ," ಎಂದ ಫಕೀರಪ್ಪ.

ಅವಳು ಅವನನ್ನೇ, ಅವತ್ತು ಕಾರಿನೊಳಗೆ ನಾನು ಎಲ್ಲಿದ್ದೆ, ಅವನು ಎಲ್ಲಿದ್ದ, ದ್ಯಾಮವ್ವ ಎಷ್ಟು ದೂರ ಇದ್ದಳು ಎಂದು ಕೇಳಿದಳು. ಅವನು ಎರಡೂ ಕೈ ಚಾಚಿ ತೋರಿಸಿದ, ಒಂದು ಮಾರು. ಖಾಜಾಸಾಬ ನನ್ನನ್ನು ಬ್ಯಾಟರಿಯ ಪಕ್ಕ ಮೇಜಿನ ಮೇಲಿಟ್ಟ. ಕಸ್ತೂರಿ ನನ್ನ ಹತ್ತಿರ ಸ್ಟೂಲಿನ ಮೇಲೆ, ಫಕೀರಪ್ಪ ಇದ್ದ ಜಾಗದಲ್ಲಿ ಕೂತಳು. ಬೆನ್ನ ಹಿಂದೆ ಒಂದು ಮಾರು ಅಳೆದು ಖಾಜಾಸಾಬನನ್ನು ನಿಲ್ಲಿಸಿದಳು.

"ನೀವು ರಸ್ತೇಕ ಹೋಗ್ರಿ," ಎಂದು ಗಂಡನಿಗೆ ಹೇಳಿದಳು. ಅವನು ಹೋದ. "ಕಾಕಾ, ಏನರೆ ಒಂದು ಮಾತು ಹೇಳ್ರಿ. ಏನಂತ ನನಗ ಮೊದಲ ತಿಳಿಸಬ್ಯಾಡ್ರಿ. ಶಕ್ತಿ ಇಲ್ಲದ ಮುದುಕಿ ಹೆಂಗ ಹೇಳ್ತಾಳ, ಹಂಗ ಹೇಳ್ರಿ."

ಖಾಜಾಸಾಬ ಬಂದು ಬ್ಯಾಟರಿಗೆ ತಂತಿ ಸಿಕ್ಕಿಸಿದ ಕೂಡಲೇ ನಾನು ಕೂಗಿದೆ. ಅವಳ ಬೆನ್ನು ಸೆಟೆಯಿತು. ಕೋಲು ಹಿಡಿದ ಕೈ ಬೆಳ್ಳಗಾಯಿತು, ಬಾಯಿ ತೆರೆದು ಉಸಿರು ಎಳೆಯತೊಡಗಿದಳು. ಖಾಜಾಸಾಬ ತಂತಿ ತೆಗೆಯಲು ಕೈ ಚಾಚಿದ. ಅವಳು ಕೈ ಎತ್ತಿ ತಡೆದಳು. ಅವನು ತನ್ನ ಜಾಗಕ್ಕೆ ಸರಿದು, ಕ್ಷೀಣವಾಗಿ ಏನೋ ಹೇಳಿದ. ನಾನು ಕೂಗುತ್ತಲೇ ಇದ್ದೆ.

"ಬಿಸಲು ಭಾಳ ಐತಿ," ಎಂದಳು ಕಸ್ತೂರಿ ನಿಧಾನವಾಗಿ. "ಚಹಾ ಕುಡದು ಹೋಗ್ರಿ ಅಂದ್ರಿ."

"ಹೌದವ್ವ. ಅದ ಅಂದೆ."

"ಇನ್ನೊಮ್ಮಿ. ಇನ್ನೂ ಸಣ್ಣಗ."

ಅವನು ಇನ್ನೂ ಸಣ್ಣಗೆ ಹೇಳಿದ.

"ನಿಮ್ಮ ಮೊಮ್ಮಗಳ ಹೆಸರು ಜುಬೇದಾ ಅಂದ್ರಿ," ಎಂದಳು ಕಸ್ತೂರಿ.

ಖಾಜಾಸಾಬ ತಂತಿ ತೆಗೆದ. ನಾನು ನಿಂತೆ. ಕಸ್ತೂರಿ ಸೆರಗು ಬಾಯಿಗಿಟ್ಟುಕೊಂಡು, ಎಂಟು ತಿಂಗಳಿಂದ ತಡೆದು ಇಟ್ಟದ್ದನ್ನು ಅತ್ತಳು. ಖಾಜಾಸಾಬ ಗೋಡೆಯ ಕಡೆ ತಿರುಗಿ ನಿಂತ. ಅತ್ತು ಮುಗಿದ ಮೇಲೆ ಅವಳು ಕೋಲೂರಿ ಎದ್ದು ಅಂಗಡಿಯ ಮೆಟ್ಟಿಲಿಗೆ ಹೋದಳು. ರಸ್ತೆಯಾಚೆ ಫಕೀರಪ್ಪ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದ.

"ಏನ್ರೀ," ಎಂದು ಕರೆದಳು. "ಒಳಗ ಬರ್ರಿ. ಕೇಳಸ್ತೈತಿ."

ಅದಾಗಿ ಬಹಳ ವರ್ಷವಾಯಿತು. ಖಾಜಾಸಾಬನ ಅಂಗಡಿಯ ಆ ಡಬ್ಬದಲ್ಲೇ ಇದ್ದೇನೆ. ಸುರುಳಿಗೆ ಹಸಿರು ಹಿಡಿದಿದೆ, ಈಗ ಯಾರು ತಂತಿ ಮುಟ್ಟಿಸಿದರೂ ನಾನು ಕೂಗಲಾರೆ. ನನ್ನ ಮಾತು ಕೇಳಿ ಬೆಲ್ಟು ಹಾಕಿದವರಲ್ಲಿ ಎಷ್ಟು ಜನ ಉಳಿದರೋ ನನಗೆ ಗೊತ್ತಿಲ್ಲ, ಕಸ್ತೂರಿಯನ್ನು ಉಳಿಸಿದ್ದು ಬೆಲ್ಟೋ ಫಕೀರಪ್ಪನ ಕೈಯೋ ಅದೂ ಗೊತ್ತಿಲ್ಲ. ಆ ನೀರಿನಲ್ಲಿ ದ್ಯಾಮವ್ವ ಮಾತಾಡಿದಾಗ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದಿದ್ದರೆ ಸಾಕಿತ್ತು ಎಂದು ಮಾತ್ರ ಈಗಲೂ ಅನ್ನಿಸುತ್ತದೆ. ಸುಮ್ಮನಿರುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.